ಸಾಂಬ್ರಾದಿಂದ ಹಾರಿದವರು

ಬೆಳಗಾವಿ ಕಾಲ್ದಳದ ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ 1922ರಿಂದ ಇಲ್ಲಿದೆ. ನಸುಕಿನಲ್ಲಿ ಕ್ಯಾಂಪಿನ ಮರಗಳ ಕೆಳಗೆ ಬೂಟುಗಳ ಸಪ್ಪಳ ಕೇಳದೆ ಬೆಳೆದ ತಲೆಮಾರು ಈ ಊರಿನಲ್ಲಿಲ್ಲ. ಇಲ್ಲಿ ದೇವರಿಗೂ ಮಿಲಿಟರಿಯ ನಂಟು: ಕ್ಯಾಂಪಿನ ಶಿವ ಎಲ್ಲರಿಗೂ ಮಿಲಿಟರಿ ಮಹಾದೇವ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ‘ಮಗಾ ಮಿಲಿಟ್ರ್ಯಾಗ ಅದಾನ’ ಎಂದರೆ ಸಾಕು, ಕೇಳಿದವರ ಕಣ್ಣಿಗೆ ಹೆಗಲ ಮೇಲೆ ಬಂದೂಕು ಹೊತ್ತು ಬೆಟ್ಟ ಹತ್ತುವ ಹುಡುಗನೇ ಬರುತ್ತಾನೆ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಶರ್ಕತ್‌ನಲ್ಲಿ ಕಾದಿದವರ ಹೆಸರಿನ ಸ್ಮಾರಕ ತರಬೇತಿ ಕೇಂದ್ರದ ಆವರಣದಲ್ಲೇ ಇದೆ. ನೆಲದ ಮೇಲೆ ಹೋರಾಡಿದವರನ್ನು ಈ ಊರು ಮರೆತಿಲ್ಲ.

ಆಕಾಶಕ್ಕೆ ಹೋದವರ ಮಾತು ಬೇರೆ. ನಗರದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್ ದೂರದ ಸಾಂಬ್ರಾದಲ್ಲಿ ರನ್‌ವೇ ಇದೆ, ವಾಯುಪಡೆಯ ತರಬೇತಿ ಶಾಲೆಯಿದೆ, ಬೆಂಗಳೂರಿಗೂ ಹೈದರಾಬಾದಿಗೂ ವಿಮಾನ ಹಿಡಿಯುವವರ ಸಾಲಿದೆ. ಆ ರನ್‌ವೇಗೂ ದೇಶದ ಎರಡು ಯುದ್ಧಗಳಿಗೂ ಇರುವ ಸಂಬಂಧ ಊರಿನ ನೆನಪಿನಲ್ಲಿ ತೆಳುವಾಗಿದೆ. ಅದರಲ್ಲೂ ಹೆಲಿಕಾಪ್ಟರ್ ನಡೆಸಿದವರ ಕಥೆ ಮನೆಯ ಜಗಲಿ ದಾಟಿ ಹೊರಗೆ ಬರುವುದೇ ಅಪರೂಪ. ಫೈಟರ್ ಪೈಲಟ್ ಸಿನಿಮಾಕ್ಕೆ ನಾಯಕನಾಗುತ್ತಾನೆ. ಗಾಯಾಳುವನ್ನೋ ಸೀಮೆಎಣ್ಣೆಯನ್ನೋ ಶವವನ್ನೋ ಹೊತ್ತು ದಿನಕ್ಕೆ ನಾಲ್ಕು ಬಾರಿ ಬೆಟ್ಟ ದಾಟಿದ ಅಪ್ಪನ ಬಗ್ಗೆ ಮಕ್ಕಳಿಗೆ ಗೊತ್ತಿರುವುದು ಒಂದೋ ಎರಡೋ ಪ್ರಸಂಗ, ಅದೂ ಅವನ ಗೆಳೆಯರ ಬಾಯಿಂದ ಕೇಳಿದ್ದು.

ಸಾಂಬ್ರಾದ ನೆಲೆಯನ್ನು 1942ರಲ್ಲಿ ಕಟ್ಟಿದ್ದು ಬ್ರಿಟಿಷರ ರಾಯಲ್ ಏರ್ ಫೋರ್ಸ್. ಜಪಾನ್ ಬರ್ಮಾವನ್ನು ನುಂಗಿದ್ದ ಕಾಲ ಅದು. ಕರಾವಳಿಯಿಂದ ಒಳಗೆ, ಘಟ್ಟದ ಮರೆಯಲ್ಲಿ, ಸಮತಟ್ಟಾದ ಕಪ್ಪು ಮಣ್ಣಿನ ಬಯಲು ಸಿಕ್ಕಿತು. ತರಬೇತಿಗೂ ಆಗ್ನೇಯ ಏಷ್ಯಾದ ಕಾರ್ಯಾಚರಣೆಗಳ ಬೆಂಬಲಕ್ಕೂ ಅದು ಬಳಕೆಯಾಯಿತು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ರನ್‌ವೇ ಉಳಿಯಿತು.

ಹತ್ತೊಂಬತ್ತು ವರ್ಷಗಳ ನಂತರ ಆ ರನ್‌ವೇ ಕೆಲಸಕ್ಕೆ ಬಂದಿತು. 1961ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಬೀದಿಗಳು ಸೈನಿಕರಿಂದ ತುಂಬಿಹೋದವು. ಗೋವಾದಲ್ಲಿ 451 ವರ್ಷ ಬೇರುಬಿಟ್ಟಿದ್ದ ಪೋರ್ಚುಗೀಸರನ್ನು ಹೊರಗಟ್ಟುವ ‘ಆಪರೇಷನ್ ವಿಜಯ್’ಗೆ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನಾಯಕತ್ವದ 17ನೇ ಕಾಲ್ದಳ ಡಿವಿಷನ್ ಸಜ್ಜಾಯಿತು. ಅದರ ಜೊತೆಗೆ ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್. 63ನೇ ಕಾಲ್ದಳ ಬ್ರಿಗೇಡ್ ಪೂರ್ವದಿಂದ, ಅನಮೋಡದ ಕಡೆಯಿಂದ ಗೋವಾದ ಮೊಲ್ಲೆಮ್‌ಗೆ ಇಳಿಯಬೇಕಿತ್ತು. ಬೆಳಗಾವಿಯಿಂದ ಅನಮೋಡಕ್ಕೆ ಹೋಗುವ ಹಳೆಯ ಹಾದಿ ಖಾನಾಪುರ, ಲೋಂಡಾ, ರಾಮನಗರಗಳದ್ದು. ಈ ಭಾಗದ ಜನಕ್ಕೆ ಗೋವಾ ಪರದೇಶ ಎನ್ನುವುದು 1955ರಲ್ಲಿ ಚೆನ್ನಾಗಿ ಅರಿವಾಗಿತ್ತು. ಆ ವರ್ಷದ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಭಾರತ ಗಡಿಯನ್ನು ಬಿಗಿಮಾಡಿತು. ಲೋಂಡಾದಿಂದ ಮುಂದೆ ಕ್ಯಾಸಲ್‌ರಾಕ್‌ವರೆಗೆ ರೈಲು ಓಡಿದರೂ ಅದರಾಚೆಯ ಹಳಿಗಳು ಬಣಗುಡತೊಡಗಿದವು.

ವಾಯುದಾಳಿಯ ಹೊಣೆ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರದು. ವಿಮಾನಗಳನ್ನು ಎರಡೇ ಕಡೆ ಜಮಾಯಿಸಲಾಯಿತು: ಪುಣೆ ಮತ್ತು ಸಾಂಬ್ರಾ. ಡಿಸೆಂಬರ್ 18ರ ಬೆಳಗ್ಗೆ ವಿಂಗ್ ಕಮಾಂಡರ್ ಎನ್.ಬಿ. ಮೆನನ್ ನೇತೃತ್ವದಲ್ಲಿ ಹನ್ನೆರಡು ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಮ್ ರನ್‌ವೇ ಮೇಲೆ ಕೆಲವೇ ನಿಮಿಷಗಳಲ್ಲಿ 63,000 ಪೌಂಡ್ ಸ್ಫೋಟಕ ಸುರಿದವು. ಎಂಟು ಕ್ಯಾನ್‌ಬೆರಾಗಳ ಇನ್ನೊಂದು ತಂಡ ಅವನ್ನು ಹಿಂಬಾಲಿಸಿತು. ಪಿಂಟೊ ಅವರಿಗಿದ್ದ ಆದೇಶದಲ್ಲಿ ಒಂದು ವಿಚಿತ್ರ ಷರತ್ತಿತ್ತು: ರನ್‌ವೇ ಕೆಡಿಸಬೇಕು, ವಿಮಾನ ನಿಲ್ದಾಣದ ಕಟ್ಟಡಕ್ಕೆ ಮಾತ್ರ ಧಕ್ಕೆ ಆಗಬಾರದು. ನಾಳೆ ಅದು ನಮ್ಮದೇ ತಾನೆ! ಕಟ್ಟಡ ಉಳಿಯಿತು. ಅಲ್ಲಿ ನಿಂತಿದ್ದ ಎರಡು ಪ್ರಯಾಣಿಕ ವಿಮಾನಗಳೂ ಉಳಿದವು. ಪೋರ್ಚುಗೀಸರು ಗುಂಡಿ ಬಿದ್ದ ರನ್‌ವೇಯನ್ನು ಅಷ್ಟಿಷ್ಟು ತೇಪೆಹಾಕಿ, ಅಧಿಕಾರಿಗಳ ಕುಟುಂಬದವರನ್ನು ಹತ್ತಿಸಿ, ರಾತ್ರಿಯ ಕತ್ತಲಲ್ಲಿ ಅವೆರಡನ್ನೂ ಕರಾಚಿಗೆ ಹಾರಿಸಿಬಿಟ್ಟರು.

ಹಂಟರ್ ವಿಮಾನಗಳ ಪಾಲಿಗೆ ಬಂದದ್ದು ಬಾಂಬೋಲಿಮ್‌ನ ವೈರ್‌ಲೆಸ್ ಕೇಂದ್ರ. ಆರು ಹಂಟರ್‌ಗಳು ರಾಕೆಟ್ಟು, ಫಿರಂಗಿಗಳಿಂದ ಅದನ್ನು ಮೌನವಾಗಿಸಿದವು. ಸಾಂಬ್ರಾದಿಂದ ಘಟ್ಟ ದಾಟಿದರೆ ಗುರಿ. ಬೆಳಗಾವಿಯಿಂದ ಪಣಜಿಗೆ ಇಂದಿಗೂ ಚೋರ್ಲಾ ಘಾಟಿನಲ್ಲಿ ಮೂರು ತಾಸು ತಿರುಗುವವರಿಗೆ ಆ ಹಾರಾಟ ಎಷ್ಟು ಚಿಕ್ಕದಾಗಿತ್ತೆಂದು ನಂಬಲು ಕಷ್ಟವಾದೀತು. 19ರ ಬೆಳಗ್ಗೆ ಸಗತ್ ಸಿಂಗ್ ಅವರ ಪ್ಯಾರಾ ಸೈನಿಕರು ಉಕ್ಕಿನ ಹೆಲ್ಮೆಟ್ ತೆಗೆದು ತಮ್ಮ ಮೆರೂನ್ ಟೊಪ್ಪಿಗೆ ಧರಿಸಿ ಪಣಜಿ ಪ್ರವೇಶಿಸಿದರು. ಅದೇ ರಾತ್ರಿ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ಶರಣಾಗತಿಗೆ ಸಹಿ ಹಾಕಿದರು.

ಗೋವಾದ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಅದರ ಇಬ್ಬರು ನಾಯಕರ ಮುಂದಿನ ಬದುಕು ಹೆಲಿಕಾಪ್ಟರಿನ ಸುತ್ತಲೇ ಸುತ್ತಿಕೊಂಡಿತು. ಒಬ್ಬರಿಗೆ ಅದು ಮೃತ್ಯುವಾಯಿತು, ಇನ್ನೊಬ್ಬರಿಗೆ ಗೆಲುವು.

1963ರ ನವೆಂಬರ್ 22. ಎರ್ಲಿಕ್ ಪಿಂಟೊ ಆಗ ಪಶ್ಚಿಮ ವಾಯುಕಮಾಂಡಿನ ಮುಖ್ಯಸ್ಥರು. ಜಮ್ಮು ಕಾಶ್ಮೀರದ ಪೂಂಚ್ ಬಳಿ ಅವರಿದ್ದ ಅಲೂಯೆಟ್-3 ಹೆಲಿಕಾಪ್ಟರ್ ನೆಲಕ್ಕೆ ಬಿತ್ತು. ಲೆಫ್ಟಿನೆಂಟ್ ಜನರಲ್‌ಗಳಾದ ದೌಲತ್ ಸಿಂಗ್, ಬಿಕ್ರಮ್ ಸಿಂಗ್, ಮೇಜರ್ ಜನರಲ್ ನಾನಾವತಿ, ಬ್ರಿಗೇಡಿಯರ್ ಒಬೆರಾಯ್ ಎಲ್ಲರೂ ಹೋದರು. ಕಾರಣ ಶತ್ರುವಿನ ಗುಂಡಲ್ಲ. ಕಣಿವೆಗೆ ಅಡ್ಡಲಾಗಿ ಕಟ್ಟಿದ್ದ ತಂತಿ. ಹೆಲಿಕಾಪ್ಟರ್ ಪೈಲಟ್‌ಗಳು ಈಗಲೂ ಎಲ್ಲಕ್ಕಿಂತ ಹೆಚ್ಚು ಹೆದರುವುದು ತಂತಿಗೆ. ಹತ್ತಿರ ಬರುವವರೆಗೂ ಅದು ಕಣ್ಣಿಗೆ ಕಾಣುವುದಿಲ್ಲ, ಕಂಡಾಗ ತಪ್ಪಿಸಿಕೊಳ್ಳಲು ವೇಳೆ ಇರುವುದಿಲ್ಲ. ಹಿರಿಯ ಸೇನಾಧಿಕಾರಿಗಳೆಲ್ಲ ಒಂದೇ ವಿಮಾನದಲ್ಲಿ ಪ್ರಯಾಣಿಸಬಾರದು ಎನ್ನುವ ಎಚ್ಚರಿಕೆ ಸೇನೆಯಲ್ಲಿ ಬೇರೂರಿದ್ದು ಈ ದುರಂತದ ನಂತರ. ಅದೇ ದಿನ ಅಮೆರಿಕದ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ಪೂಂಚ್‌ಗೆ ಜಾಗ ಉಳಿಯಲಿಲ್ಲ.

ಆ ಹೆಲಿಕಾಪ್ಟರ್ ನಡೆಸುತ್ತಿದ್ದವರ ಹೆಸರು ಫ್ಲೈಟ್ ಲೆಫ್ಟಿನೆಂಟ್ ಎಸ್.ಎಸ್. ಸೋಧಿ. ಈ ಘಟನೆಯ ಬಗ್ಗೆ ಯಾರೇ ಬರೆಯಲಿ, ಅವರ ಹೆಸರು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ದರ್ಜೆಯ ಲೆಕ್ಕದಲ್ಲಿ ಅದು ಸರಿಯಿರಬಹುದು. ನೆನಪಿಗೂ ಅದೇ ಲೆಕ್ಕ ಏಕೆ ಬೇಕು?

ಸಗತ್ ಸಿಂಗ್ 1971ರಲ್ಲಿ ಲೆಫ್ಟಿನೆಂಟ್ ಜನರಲ್, ಪೂರ್ವ ಪಾಕಿಸ್ತಾನದ ಗಡಿಯಲ್ಲಿ 4ನೇ ಕೋರ್‌ನ ನಾಯಕ. ಢಾಕಾಕ್ಕೂ ಅವರಿಗೂ ನಡುವೆ ಮೇಘನಾ ನದಿ. ಅಶುಗಂಜ್‌ನಲ್ಲಿದ್ದ ಸೇತುವೆಯನ್ನು ಪಾಕಿಸ್ತಾನಿಯರು ಹಿಂದೆ ಸರಿಯುತ್ತ ಉಡಾಯಿಸಿದ್ದರು. ಡಿಸೆಂಬರ್ 9ರಂದು ಸಗತ್ ಸಿಂಗ್ ಮತ್ತು ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಸೇರಿ, ನದಿಯನ್ನು ಹೆಲಿಕಾಪ್ಟರ್‌ಗಳಲ್ಲೇ ದಾಟುವ ಸಾಹಸಕ್ಕೆ ಕೈಹಾಕಿದರು. ರಷ್ಯದ ಎಂಐ-4 ಹೆಲಿಕಾಪ್ಟರ್‌ಗಳು ಹಗಲು ಸಾಲದೆ ರಾತ್ರಿಯೂ ಹಾರಿದವು. ರಾತ್ರಿ ಕಾಣುವ ಉಪಕರಣಗಳು ಆಗ ಇರಲಿಲ್ಲ. ಇಳಿಯುವ ಗದ್ದೆಯನ್ನು ಗುರುತಿಸಲು ಕೈಬ್ಯಾಟರಿಗಳ ಬೆಳಕೇ ಆಧಾರ. ನದಿಯ ಮೇಲೆ ಜಾಗ ನೋಡಲು ಹೋದಾಗ ಸಗತ್ ಸಿಂಗ್ ಅವರ ಹೆಲಿಕಾಪ್ಟರಿಗೂ ಗುಂಡು ಬಿದ್ದವು. ಪೈಲಟ್ ಗಾಯಗೊಂಡರು, ಸಹ ಪೈಲಟ್ ಅದನ್ನು ಹಿಂದಕ್ಕೆ ತಂದರು. ಜನರಲ್ ಸಾಹೇಬರು ಇನ್ನೊಂದನ್ನು ಹತ್ತಿ ಹುಡುಕಾಟ ಮುಂದುವರಿಸಿದರಂತೆ. ಚಂದನ್ ಸಿಂಗ್ ಅವರಿಗೆ ಮಹಾವೀರ ಚಕ್ರ ಸಂದಿತು.

ಆ ಯುದ್ಧದಲ್ಲಿ ಬೆಳಗಾವಿಯ ಪಾಲು ದೊಡ್ಡದು. ಜಮಾಲ್ಪುರದಲ್ಲಿ ಕಾದಿದ ಒಂದನೇ ಮರಾಠಾ, ಅಂದರೆ ‘ಜಂಗಿ ಪಲ್ಟನ್’, ಇಲ್ಲಿಯ ಕೇಂದ್ರದ ಮಕ್ಕಳದ್ದು. ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ಪ್ಯಾರಾಶೂಟ್‌ನಿಂದ ಇಳಿದ ಎರಡನೇ ಪ್ಯಾರಾ ಬೆಟಾಲಿಯನ್ ಕೂಡ ಮೂಲದಲ್ಲಿ ಮೂರನೇ ಮರಾಠಾ. ಐದು ದಿನ ಕಳೆದು ಢಾಕಾದೊಳಗೆ ಮೊದಲು ಕಾಲಿಟ್ಟವರಲ್ಲಿ ಅವರಿದ್ದರು. ಇವೆರಡೂ ಊರಿಗೆ ಗೊತ್ತಿರುವ ಕಥೆಗಳು. ಮೇಘನಾ ಮೇಲೆ ರಾತ್ರಿಯೆಲ್ಲ ಹಾರಿದ ಎಂಐ-4ಗಳ ಕಥೆ ಅಷ್ಟಾಗಿ ಗೊತ್ತಿಲ್ಲ.

ಅಷ್ಟರಲ್ಲಿ ಹೆಲಿಕಾಪ್ಟರ್ ಕರ್ನಾಟಕದ್ದೇ ಆಗಿತ್ತು ಎನ್ನಬೇಕು. ಪೂಂಚ್‌ನಲ್ಲಿ ಬಿದ್ದ ಅಲೂಯೆಟ್-3 ಮಾದರಿಯನ್ನೇ ಬೆಂಗಳೂರಿನ ಎಚ್‌ಎಎಲ್ ಫ್ರಾನ್ಸಿನ ಪರವಾನಗಿ ಪಡೆದು 1965ರಿಂದ ‘ಚೇತಕ್’ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದರ ತಮ್ಮ ‘ಚೀತಾ’ ಬಂದ. ಅವನ ಫ್ರೆಂಚ್ ಮೂಲ ‘ಲಾಮಾ’ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ವಿಶ್ವದಾಖಲೆ ಮಾಡಿತ್ತು. 1984ರ ಏಪ್ರಿಲ್‌ನಲ್ಲಿ ಸಿಯಾಚಿನ್ ನಮ್ಮ ಕೈಗೆ ಬಂದ ಮೇಲೆ ಅಲ್ಲಿಯ ಠಾಣೆಗಳ ಜೀವದ ದಾರ ಈ ಪುಟ್ಟ ಯಂತ್ರವೇ. 1986ರ ನವೆಂಬರ್ 1ರಂದು ಸೇನೆಗೆ ತನ್ನದೇ ವಾಯು ವಿಭಾಗ, ಆರ್ಮಿ ಏವಿಯೇಷನ್, ಸಿಕ್ಕಿತು. ಅಲ್ಲಿಯವರೆಗೆ ಫಿರಂಗಿ ದಳದ ಅಧಿಕಾರಿಗಳೇ ‘ಏರ್ ಒಪಿ’ ಪೈಲಟ್‌ಗಳಾಗಿ ಹಾರುತ್ತಿದ್ದರು.

ಹೆಲಿಕಾಪ್ಟರ್ ನಡೆಸುವವನಿಗೆ ಎರಡು ಕೈಯೂ ಎರಡು ಕಾಲೂ ಒಟ್ಟಿಗೆ ಕೆಲಸದಲ್ಲಿರಬೇಕು. ಎಡಗೈ ಏರಿಳಿತದ ಹಿಡಿಕೆಯ ಮೇಲೆ, ಬಲಗೈ ದಿಕ್ಕಿನ ಕಡ್ಡಿಯ ಮೇಲೆ, ಪಾದಗಳು ಬಾಲದ ರೆಕ್ಕೆಯನ್ನು ಆಳುವ ಪೆಡಲ್ ಮೇಲೆ. ಒಂದನ್ನು ಅಲುಗಿಸಿದರೆ ಉಳಿದವನ್ನೂ ಸರಿದೂಗಿಸಬೇಕು. ಹತ್ತೊಂಬತ್ತು ಸಾವಿರ ಅಡಿಯ ಮೇಲೆ ಗಾಳಿ ತೆಳುವಾಗಿ ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್ ಏದುಸಿರು ಬಿಡುತ್ತದೆ. ಅತಿ ಎತ್ತರದ ಠಾಣೆಗಳಿಗೆ ಒಂದು ಬಾರಿಗೆ ಒಂದು ಕ್ಯಾನ್ ಸೀಮೆಎಣ್ಣೆ ಒಯ್ಯುವುದೇ ಹೆಚ್ಚು. ಇಳಿಯಲು ಸಿಗುವ ಜಾಗ ಊಟದ ಮೇಜಿಗಿಂತ ಸ್ವಲ್ಪ ದೊಡ್ಡದು. ಅಲ್ಲಿ ಎಂಜಿನ್ ಆರಿಸುವಂತಿಲ್ಲ. ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ಸಾಮಾನು ಕೆಳಗೆ ತಳ್ಳಿ, ಗಾಯಾಳುವನ್ನು ಒಳಗೆ ಎಳೆದುಕೊಂಡು, ನಿಮಿಷದೊಳಗೆ ಹೊರಡಬೇಕು.

ಉತ್ತರ ಕರ್ನಾಟಕಕ್ಕೆ ಇದು 2016ರ ಫೆಬ್ರುವರಿಯಲ್ಲಿ ತೀರ ಹತ್ತಿರದಿಂದ ತಿಳಿಯಿತು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನ ಸೋನಮ್ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಫೆಬ್ರುವರಿ 3ರಂದು. ಜೊತೆಗಿದ್ದ ಒಂಬತ್ತು ಮಂದಿ ಉಳಿಯಲಿಲ್ಲ. ಆರು ದಿನಗಳ ಬಳಿಕ ಹಿಮದ ಆಳದಿಂದ ಅವರೊಬ್ಬರನ್ನು ಜೀವಂತವಾಗಿ ಹೊರತೆಗೆದರು. ಹಿಮ ಕೊರೆಯುವ ಉಪಕರಣಗಳನ್ನು ಮೇಲಕ್ಕೆ ಮುಟ್ಟಿಸಿದ್ದು, ಹನುಮಂತಪ್ಪ ಅವರನ್ನು ಕೆಳಕ್ಕೆ ತಂದದ್ದು ಹೆಲಿಕಾಪ್ಟರ್‌ಗಳು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಊರಿನಲ್ಲಿ ಹೆಂಡತಿ, ಅಪ್ಪನ ಮುಖವನ್ನು ಸರಿಯಾಗಿ ನೆನಪಿಡುವ ವಯಸ್ಸೂ ಆಗಿರದ ಮಗಳು. ಬೆಟದೂರಿನ ಹೆಸರು ಆ ವಾರ ದೇಶಕ್ಕೆಲ್ಲ ಗೊತ್ತಾಯಿತು. ಅವರನ್ನು ಹೊತ್ತು ತಂದ ಪೈಲಟ್‌ಗಳ ಹೆಸರು ಯಾವ ಬ್ಯಾನರ್‌ನಲ್ಲೂ ಬರಲಿಲ್ಲ. ಅವರೂ ಯಾರದೋ ಅಪ್ಪಂದಿರು.

ಬೆಳಗಾವಿ ಜಿಲ್ಲೆಯವರು ಹೆಲಿಕಾಪ್ಟರಿಗಾಗಿ ಆಕಾಶ ನೋಡಿದ್ದು 2019ರ ಆಗಸ್ಟ್‌ನಲ್ಲಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದ್ದವು. ಮನೆಗಳು ಕುಸಿದವು, ಜನ ಮಾಳಿಗೆ ಮೇಲೆ ಸಿಕ್ಕಿಬಿದ್ದರು, ದೋಣಿ ಹೋಗಲಾರದ ಕಡೆ ಹೆಲಿಕಾಪ್ಟರ್‌ಗಳು ಹೋದವು. ಆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದರ ಸುತ್ತಲಿನ ಕಾಡಿನೊಳಗಿರುವ ಆಮಗಾಂವ, ಗವಾಳಿ, ಕೊಂಗಳಾದಂಥ ಹಳ್ಳಿಗಳು ಮಳೆಗಾಲದಲ್ಲಿ ಹೊರಗಿನ ಲೋಕದಿಂದ ಕಡಿದುಹೋಗುತ್ತವೆ. 2024ರ ಮಳೆಗಾಲದಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರಿನ ಗಂಡಸರು ಕಟ್ಟಿಗೆಯ ಡೋಲಿಯ ಮೇಲೆ ಮಲಗಿಸಿ, ಕೆಸರಿನಲ್ಲಿ ಹಲವು ಕಿಲೋಮೀಟರ್ ಹೊತ್ತು ನಡೆದರು. ಸಿಯಾಚಿನ್ನಿನ ತುದಿಯಿಂದ ಸೈನಿಕನನ್ನು ಕೆಳಗಿಳಿಸಬಲ್ಲ ದೇಶಕ್ಕೆ ಜಿಲ್ಲಾ ಕೇಂದ್ರದ ಮಗ್ಗುಲಿನ ಹಳ್ಳಿ ಇನ್ನೂ ದೂರವಾಗಿಯೇ ಉಳಿದಿದೆ. ಇದು ಪೈಲಟ್‌ಗಳ ದೋಷವಂತೂ ಅಲ್ಲ.

ಇನ್ನು 2023. ಜನವರಿ 28ರ ಶನಿವಾರ ಗ್ವಾಲಿಯರ್ ನೆಲೆಯಿಂದ ತರಬೇತಿ ಹಾರಾಟಕ್ಕೆ ಹೊರಟ ಒಂದು ಸುಖೋಯ್-30 ಮತ್ತು ಒಂದು ಮಿರಾಜ್-2000 ಮಧ್ಯಪ್ರದೇಶದ ಮೊರೆನಾ ಬಳಿ ನಾಶವಾದವು. ಸುಖೋಯ್‌ನ ಇಬ್ಬರು ಪೈಲಟ್‌ಗಳು ಹೊರಕ್ಕೆ ಚಿಮ್ಮಿ ಬದುಕಿಕೊಂಡರು. ಮಿರಾಜ್‌ನಲ್ಲಿದ್ದ ಒಬ್ಬರೇ ಪೈಲಟ್ ಬದುಕಲಿಲ್ಲ. ಅವರು ಬೆಳಗಾವಿಯ ಗಣೇಶಪುರದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ. ಹೆಲಿಕಾಪ್ಟರ್ ಅಲ್ಲ, ಫೈಟರ್ ಹಾರಿಸುತ್ತಿದ್ದವರು. ಆದರೆ ಬೆಳಗಾವಿ ತನ್ನ ಒಬ್ಬ ಹಾರುವ ಮಗನನ್ನು ಬಹಿರಂಗವಾಗಿ ಅತ್ತು ಬೀಳ್ಕೊಟ್ಟ ಪ್ರಸಂಗ ಇದು. ತಂದೆ ಸೇನೆಯಿಂದ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದವರು, ಸೋದರ ವಾಯುಪಡೆಯ ಅಧಿಕಾರಿ. ಭೂಸೇನೆಯ ಸೈನಿಕನ ಮನೆಯಿಂದ ಒಂದೇ ತಲೆಮಾರಿನಲ್ಲಿ ಇಬ್ಬರು ವಾಯುಪಡೆಗೆ ಸೇರುವುದು ಬೆಳಗಾವಿಯ ಸೈನಿಕ ಇತಿಹಾಸದಲ್ಲೇ ಒಂದು ತಿರುವು, ಅದನ್ನು ಯಾರಾದರೂ ಬರೆದಿಡಬೇಕಿತ್ತು.

ಮರುದಿನ ಪಾರ್ಥಿವ ಶರೀರ ವಾಯುಪಡೆಯ ವಿಮಾನದಲ್ಲಿ ಸಾಂಬ್ರಾಕ್ಕೆ ಬಂದಿತು. ಗಣೇಶಪುರದ ಮನೆಯ ಮುಂದೆ ಜನಸಾಗರ, ಘೋಷಣೆ, ಸರ್ಕಾರಿ ಗೌರವ, ಗುಂಡಿನ ವಂದನೆ. ಎಲ್ಲವೂ ಸಲ್ಲಬೇಕಾದಂತೆ ಸಂದವು. ಸಾರಥಿ ಅವರಿಗೆ ಪತ್ನಿ, ಇಬ್ಬರು ಎಳೆಯ ಮಕ್ಕಳು. ದುರಂತ ನಡೆದು ಒಂಬತ್ತು ದಿನ ಕಳೆದು, ಫೆಬ್ರುವರಿ 6ರಂದು, ತುಮಕೂರು ಜಿಲ್ಲೆಯ ಗುಬ್ಬಿ ಬಳಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆಯನ್ನು ಪ್ರಧಾನಿ ಉದ್ಘಾಟಿಸಿದರು. ಪತ್ರಿಕೆಗಳು ಆ ಸುದ್ದಿಯ ಕಡೆ ತಿರುಗಿದವು. ಹಾಗಾಗುವುದು ಸಹಜ.

ಅಪ್ಪನನ್ನು ಎಳವೆಯಲ್ಲೇ ಕಳೆದುಕೊಂಡ ಪೈಲಟ್ ಮಕ್ಕಳಿಗೆ ಅವನು ಸಿಗುವುದು ಎಲ್ಲಿ? ಪದಕಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ, ಪದಕಕ್ಕೆ ಬಾಯಿಲ್ಲ. ಸಿಗುವುದು ಲಾಗ್‌ಬುಕ್‌ನಲ್ಲಿ. ಪ್ರತಿ ಪೈಲಟ್ ತನ್ನ ಮೊದಲ ಹಾರಾಟದಿಂದ ಕೊನೆಯದರವರೆಗೆ ಬರೆಯುವ ದಪ್ಪ ರಟ್ಟಿನ ಪುಸ್ತಕ ಅದು. ದಿನಾಂಕ, ವಿಮಾನದ ಬಗೆ, ಅದರ ಸಂಖ್ಯೆ, ಜೊತೆಗಿದ್ದವರು, ಮಾಡಿದ ಕೆಲಸ, ಹಗಲಿನ ಗಂಟೆ, ರಾತ್ರಿಯ ಗಂಟೆ. ತಿಂಗಳ ಕೊನೆಗೆ ಮೇಲಧಿಕಾರಿಯ ಸಹಿ. ಒಂದೊಂದು ಸಾಲು ಒಂದೊಂದು ಹಾರಾಟ, ಭಾವನೆಯ ಒಂದು ಅಕ್ಷರವೂ ಇಲ್ಲ. ಆದರೂ ಮಗಳು ಹುಟ್ಟಿದ ದಿನ ಅಪ್ಪ ಯಾವ ಕಣಿವೆಯಲ್ಲಿ ಗಾಯಾಳು ಹೊತ್ತು ಬರುತ್ತಿದ್ದ ಎಂದು ಅದು ಹೇಳುತ್ತದೆ. ಮಗನ ಶಾಲೆಯ ಸಮಾರಂಭಕ್ಕೆ ಏಕೆ ಬರಲಿಲ್ಲ ಎನ್ನುವುದಕ್ಕೆ ಉತ್ತರ ಇಪ್ಪತ್ತು ವರ್ಷ ತಡವಾಗಿಯಾದರೂ ಸಿಗುತ್ತದೆ. ಅಪ್ಪಾ ಎನ್ನುವ ಮನೆಯಾಗಲಿ, ಬಾಬಾ ಎನ್ನುವ ಮನೆಯಾಗಲಿ, ಅಬ್ಬಾ ಎನ್ನುವ ಮನೆಯಾಗಲಿ, ಕನ್ನಡ, ಮರಾಠಿ, ಉರ್ದು ಮೂರೂ ಕಲೆತಿರುವ ಈ ಊರಿನಲ್ಲಿ ಅಂಥ ಪುಸ್ತಕಗಳು ಟ್ರಂಕುಗಳ ತಳದಲ್ಲಿ ಇದ್ದೇ ಇವೆ.

ಮಳೆಗಾಲದ ಬೆಳಗಾವಿ, ಖಾನಾಪುರಗಳಲ್ಲಿ ಕಾಗದ ಬಹಳ ಬೇಗ ಬೂಷ್ಟು ಹಿಡಿಯುತ್ತದೆ, ಗೆದ್ದಲೂ ಹತ್ತುತ್ತದೆ. ನಿಮ್ಮ ಮನೆಯಲ್ಲಿ ವಾಯುಪಡೆ, ಸೇನೆ, ನೌಕಾಪಡೆಗಳಲ್ಲಿ ಹಾರಿದವರ ಲಾಗ್‌ಬುಕ್ ಇದ್ದರೆ ಈ ಬೇಸಿಗೆಯಲ್ಲೇ ಅದರ ಪುಟಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದಿಡಿ. ಹಳೆಯ ಫೋಟೊಗಳ ಹಿಂದೆ ನಿಂತವರ ಹೆಸರು, ಊರು, ವರ್ಷಗಳನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಶಾಯಿ ಬೇಡ, ಅದು ಮುಂದಕ್ಕೆ ಮೂಡುತ್ತದೆ. ಅವರ ಜೊತೆ ಹಾರಿದವರು, ಯಂತ್ರ ದುರಸ್ತಿ ಮಾಡಿದವರು ಇನ್ನೂ ಇದ್ದರೆ ಹೋಗಿ ಮಾತನಾಡಿಸಿ, ಅವರ ದನಿಯನ್ನೇ ಮುದ್ರಿಸಿಕೊಳ್ಳಿ. ಮೇಘನಾ ದಾಟಿಸಿದವರಿಗೆ ಈಗ ಎಂಬತ್ತರ ಆಸುಪಾಸು.